ಮೂಳೆಗೆ ಬದಲಿ: ಸರಂಧ್ರ ಪದಾರ್ಥಗಳು

ಮುರಿದ ಮೂಳೆ ಸಾಮಾನ್ಯವಾಗಿ ತಾನಾಗಿಯೇ ಕೂಡಿಕೊಳ್ಳುತ್ತದೆ. ಆದರೆ ಅಪಘಾತದಲ್ಲಿ ಮೂಳೆಯ ತುಂಡೇ ನಷ್ಟವಾದಾಗ ಅಥವಾ ಗಡ್ಡೆಯನ್ನು ಕೆರೆದು ತೆಗೆದಾಗ ಉಳಿಯುವ ದೊಡ್ಡ ಕುಳಿಯನ್ನು ದೇಹ ತುಂಬಿಕೊಳ್ಳಲಾರದು. ಆಗ ರೋಗಿಯ ಸೊಂಟದ ಮೂಳೆಯಿಂದ ಸ್ವಲ್ಪ ಭಾಗ ತೆಗೆದು ಅಲ್ಲಿ ತುಂಬುವುದು ವಾಡಿಕೆ. ಜೀವಂತ ಕೋಶಗಳಿರುವುದರಿಂದ ಈ ಕಸಿ ಚೆನ್ನಾಗಿ ಹಿಡಿಯುತ್ತದೆ. ಆದರೆ ರೋಗಿಗೆ ಎರಡನೆಯ ಗಾಯವಾಗುತ್ತದೆ. ಅಲ್ಲಿನ ನೋವು ತಿಂಗಳುಗಟ್ಟಲೆ ಉಳಿಯಬಹುದು. ಮಕ್ಕಳಲ್ಲಂತೂ ತೆಗೆಯಬಹುದಾದ ಮೂಳೆಯೇ ಕಡಿಮೆ. ಕೃತಕ ಬದಲಿಯ ಹುಡುಕಾಟಕ್ಕೆ ಇದೇ ಕಾರಣ.

ರಂಧ್ರಗಳೇಕೆ?

ಮೂಳೆಯ ತೂಕದ ಸುಮಾರು ಮೂರನೆ ಎರಡು ಭಾಗ ಖನಿಜ. ಅದು ಹೈಡ್ರಾಕ್ಸಿಅಪಟೈಟ್ ಎಂಬ ಕ್ಯಾಲ್ಸಿಯಮ್ ಫಾಸ್ಫೇಟನ್ನು ಹೋಲುತ್ತದೆ. ಇದನ್ನು ಪ್ರಯೋಗಾಲಯದಲ್ಲಿ ತಯಾರಿಸಬಹುದು. ಆದರೆ ಇದರ ಗಟ್ಟಿ ತುಂಡನ್ನು ಕುಳಿಯಲ್ಲಿಟ್ಟರೆ ಹೊಸ ಮೂಳೆ ಅದರ ಮೇಲ್ಮೈಗೆ ಅಂಟಿ ಬೆಳೆಯುತ್ತದೆ, ಒಳಹೊಗುವುದಿಲ್ಲ. ಮೂಳೆ ಕಟ್ಟುವ ಕೋಶಗಳು ಒಳಗೆ ಬದುಕಬೇಕಾದರೆ ಅವುಗಳ ಹತ್ತಿರಕ್ಕೆ ರಕ್ತನಾಳಗಳು ಬರಬೇಕು. ಇದಕ್ಕೆ ಕನಿಷ್ಠ 100 ಮೈಕ್ರೊಮೀಟರ್ ಅಗಲದ ರಂಧ್ರಗಳು ಬೇಕು. 300ಕ್ಕಿಂತ ಹೆಚ್ಚಿದ್ದರೆ ಇನ್ನೂ ಅನುಕೂಲ.

ರಂಧ್ರಗಳಿದ್ದರೆ ಮಾತ್ರ ಸಾಲದು, ಅವು ಒಂದಕ್ಕೊಂದು ಕೂಡಿರಬೇಕು. ಥರ್ಮೊಕೋಲಿನಲ್ಲೂ ಸ್ಪಂಜಿನಲ್ಲೂ ಗಾಳಿ ತುಂಬಿದ ಕೋಣೆಗಳಿವೆ. ನೀರಿನಲ್ಲಿ ಅದ್ದಿದರೆ ಸ್ಪಂಜು ಮಾತ್ರ ಹೀರಿಕೊಳ್ಳುತ್ತದೆ. ನಮಗೆ ಬೇಕಾದದ್ದು ಸ್ಪಂಜಿನ ರಚನೆ.

ಹವಳದಿಂದ ಮೂಳೆಗೆ

ಇಂಥ ರಚನೆ ಕೆಲವು ಜಾತಿಯ ಹವಳಗಳಲ್ಲಿದೆ. ಆದರೆ ಹವಳ ಕ್ಯಾಲ್ಸಿಯಮ್ ಕಾರ್ಬೊನೇಟ್. 1974ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯ ಸ್ಟೇಟ್ ವಿಶ್ವವಿದ್ಯಾಲಯದ ಡೆಲ್ಲಾ ರಾಯ್ ಮತ್ತು ಲಿನ್ನೆಹ್ಯಾನ್ ಹವಳವನ್ನು ಡೈಅಮೋನಿಯಮ್ ಫಾಸ್ಫೇಟ್ ದ್ರಾವಣದೊಡನೆ ಹೆಚ್ಚಿನ ಒತ್ತಡ ಮತ್ತು ತಾಪದಲ್ಲಿಟ್ಟರು. ನಮ್ಮ ರೈತರು ಡಿ.ಎ.ಪಿ. ಗೊಬ್ಬರವೆಂದು ಬಳಸುವುದೂ ಇದೇ ಲವಣವನ್ನು. ಕಾರ್ಬೊನೇಟಿನ ಜಾಗಕ್ಕೆ ಫಾಸ್ಫೇಟ್ ಬಂದು ಹವಳ ಹೈಡ್ರಾಕ್ಸಿಅಪಟೈಟ್ ಆಯಿತು. ರಂಧ್ರಗಳ ಜಾಲ ಮಾತ್ರ ಹಾಗೆಯೇ ಉಳಿಯಿತು. ಈ ಬಗೆಯ ಬದಲಿಗೆ ಅಮೆರಿಕದಲ್ಲಿ 1992ರಲ್ಲಿ ಅನುಮತಿ ದೊರೆಯಿತು.

ಹವಳವಿಲ್ಲದೆಯೂ ಸರಂಧ್ರ ಪದಾರ್ಥವನ್ನು ಮಾಡಬಹುದು. ಪಾಲಿಯುರಿಥೇನ್ ಸ್ಪಂಜನ್ನು ಖನಿಜದ ಪುಡಿ ಕಲಸಿದ ಗಂಜಿಯಲ್ಲಿ ಅದ್ದಿ, ಹಿಂಡಿ, ಒಣಗಿಸಿ, ಕುಲುಮೆಯಲ್ಲಿ ಸುಮಾರು 1200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಡುತ್ತಾರೆ. ಸ್ಪಂಜು ಉರಿದುಹೋಗಿ ಅದರ ಆಕಾರದ ಪಿಂಗಾಣಿ ಉಳಿಯುತ್ತದೆ.

ಬಲ ಮತ್ತು ಕಾಲದ ಸಮಸ್ಯೆ

ರಂಧ್ರ ಹೆಚ್ಚಿದಂತೆ ಬಲ ಕುಗ್ಗುತ್ತದೆ. ಇಂಥ ರಚನೆಗಳ ಬಲ ಸ್ಥೂಲವಾಗಿ ಸಾಪೇಕ್ಷ ಸಾಂದ್ರತೆಯ 1.5 ಘಾತಕ್ಕೆ ಅನುಪಾತದಲ್ಲಿರುತ್ತದೆ. ಖಾಲಿ ಜಾಗವನ್ನು ಶೇಕಡ 60ರಿಂದ 80ಕ್ಕೆ ಏರಿಸಿದರೆ ಘನಭಾಗ ಅರ್ಧವಾಗುತ್ತದೆ, ಬಲ ಸುಮಾರು ಮೂರನೆ ಒಂದಕ್ಕೆ ಇಳಿಯುತ್ತದೆ. ಆದ್ದರಿಂದ ಭಾರ ಹೊರುವ ತೊಡೆಮೂಳೆಯಂಥ ಕಡೆ ಲೋಹದ ಪಟ್ಟಿ ಅಥವಾ ಸರಳಿನ ಆಸರೆ ಬೇಕಾಗುತ್ತದೆ.

ಇನ್ನೊಂದು ಪ್ರಶ್ನೆ ಕಾಲದ್ದು. ಹೈಡ್ರಾಕ್ಸಿಅಪಟೈಟ್ ದೇಹದಲ್ಲಿ ವರ್ಷಗಟ್ಟಲೆ ಕರಗದೆ ಉಳಿಯುತ್ತದೆ. ಬೀಟಾ ಟ್ರೈಕ್ಯಾಲ್ಸಿಯಮ್ ಫಾಸ್ಫೇಟ್ ಬೇಗ ಕರಗುತ್ತದೆ. ಹೊಸ ಮೂಳೆ ಕಟ್ಟುವ ಮೊದಲೇ ಆಸರೆ ಕರಗಿದರೆ ಕುಳಿ ಮತ್ತೆ ಖಾಲಿ. ಎರಡನ್ನೂ ಬೆರೆಸಿ, ಕರಗುವ ವೇಗವನ್ನು ಮೂಳೆ ಬೆಳೆಯುವ ವೇಗಕ್ಕೆ ಹೊಂದಿಸುತ್ತಾರೆ.

ಇವೆಲ್ಲ ಮೂಳೆ ಹಬ್ಬಲು ಚಪ್ಪರವಿದ್ದಂತೆ. ಬಳ್ಳಿ ರೋಗಿಯ ದೇಹದಿಂದಲೇ ಬರಬೇಕು. ಸುತ್ತಲಿನ ಮೂಳೆ ದುರ್ಬಲವಾಗಿದ್ದರೆ ಚಪ್ಪರ ಬರಿದಾಗಿಯೇ ಉಳಿಯಬಹುದು. ಅಂಥ ರೋಗಿಗಳಿಗಾಗಿಯೇ ರಂಧ್ರಗಳಲ್ಲಿ ಮಜ್ಜೆಯ ಕೋಶಗಳನ್ನು ಅಥವಾ ಮೂಳೆ ಬೆಳೆಸುವ ಪ್ರೋಟೀನುಗಳನ್ನು ತುಂಬುವ ಸಂಶೋಧನೆ ನಡೆದಿದೆ.