ಸಮವೇಗದ ಜನ್ಮವೃತ್ತಾಂತ

ಕಾರಿನ ವೇಗವನ್ನು ಚಾಲಕನ ಪಾದದ ಚಾಪಲ್ಯದಿಂದ ಬಿಡಿಸಿ ಏಕರೀತಿಯಲ್ಲಿ ನಡೆಯಿಸಬೇಕೆಂಬ ಸಂಕಲ್ಪವು, ಐದನೆಯ ವಯಸ್ಸಿನಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡಿದ್ದ ಇಂಜಿನಿಯರೊಬ್ಬರ ಮನಸ್ಸಿನಲ್ಲಿ ದೃಢಪಟ್ಟಿತೆಂಬುದು ಯಂತ್ರಚರಿತ್ರೆಯ ಸೋಜಿಗಗಳಲ್ಲಿ ಒಂದು. ಅಮೆರಿಕದ ಇಂಡಿಯಾನಾ ಪ್ರಾಂತದ ಹೇಗರ್ಸ್‌ಟೌನ್ ಎಂಬ ಸಣ್ಣ ಊರಿನಲ್ಲಿ 1890ರಲ್ಲಿ ಜನಿಸಿದ ರಾಲ್ಫ್ ಟೀಟರರು, ಬಾಲ್ಯದಲ್ಲಿ ಚಾಕು ತಗುಲಿ ಆದ ಗಾಯದಿಂದ ಅಂಧರಾದರೂ, ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದಲ್ಲಿ ಯಂತ್ರಶಿಲ್ಪವನ್ನು ವ್ಯಾಸಂಗ ಮಾಡಿ 1912ರಲ್ಲಿ ಪದವೀಧರರಾದರು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಯುದ್ಧನೌಕೆಗಳ ಉಗಿ ಟರ್ಬೈನುಗಳ ತಿರುಗುಭಾಗಗಳನ್ನು ಸಮತೂಕಗೊಳಿಸುವ ಅತಿಸೂಕ್ಷ್ಮ ಕಾರ್ಯದಲ್ಲಿ ಹೆಸರು ಗಳಿಸಿದರು. ಬಳಿಕ ಪಿಸ್ಟನ್ ರಿಂಗುಗಳನ್ನು ತಯಾರಿಸುತ್ತಿದ್ದ ಪರ್ಫೆಕ್ಟ್ ಸರ್ಕಲ್ ಸಂಸ್ಥೆಯ ಅಧ್ಯಕ್ಷಪದವಿಗೂ ಏರಿದರು. ಲೋಹದ ನಯವನ್ನೂ ಎಂಜಿನ್ನಿನ ಮಿಡಿತವನ್ನೂ ಬೆರಳುಗಳಿಂದಲೇ ಅರಿಯಬಲ್ಲವರಿಗೆ, ಕಣ್ಣಿದ್ದವರು ಲಕ್ಷಿಸದ ಅಲುಗಾಟವೊಂದು ಅಸಹನೀಯವಾಗಿ ತೋರಿದ್ದರಲ್ಲಿ ಆಶ್ಚರ್ಯವೇನು?

ಪೇಟೆಂಟ್ ವಕೀಲರಾಗಿದ್ದ ಹ್ಯಾರಿ ಲಿಂಡ್ಸೆಯವರ ಕಾರಿನಲ್ಲಿ ಅವರು ಕುಳಿತು ಹೋಗುತ್ತಿದ್ದಾಗ ಆ ಅಲುಗಾಟವು ಅನುಭವಕ್ಕೆ ಬಂದಿತು. ವಕೀಲರು ತಾವು ಮಾತನಾಡತೊಡಗಿದೊಡನೆ ಕಾರನ್ನು ನಿಧಾನಗೊಳಿಸುವರು. ಮಾತು ನಿಲ್ಲಿಸಿ ಕೇಳತೊಡಗಿದೊಡನೆ ವೇಗವನ್ನೇರಿಸುವರು. ಮಾತಿನ ಏರಿಳಿತಕ್ಕೆ ತಕ್ಕಂತೆ ಕಾರು ಒಮ್ಮೆ ಹಿಂದಕ್ಕೂ ಒಮ್ಮೆ ಮುಂದಕ್ಕೂ ಜಗ್ಗುತ್ತಿದ್ದುದು ಟೀಟರರ ಬೆನ್ನಿಗೂ ಕುತ್ತಿಗೆಗೂ ಸ್ಪಷ್ಟವಾಗಿ ತಿಳಿಯುತ್ತಿತ್ತು. ಎರಡನೆಯ ಮಹಾಯುದ್ಧದಲ್ಲಿ ರಬ್ಬರನ್ನೂ ಪೆಟ್ರೋಲನ್ನೂ ಉಳಿಸುವುದಕ್ಕಾಗಿ ಅಲ್ಲಿನ ಸರ್ಕಾರವು ಗಂಟೆಗೆ 35 ಮೈಲಿಯ, ಎಂದರೆ ಸುಮಾರು 56 ಕಿಲೋಮೀಟರಿನ ಮಿತಿಯನ್ನು ವಿಧಿಸಿದಾಗ, ಎಲ್ಲರೂ ಒಂದೇ ವೇಗದಲ್ಲಿ ಸಾಗುವುದಾದರೆ ಅಪಘಾತಗಳು ತಗ್ಗುವುವೆಂಬ ಭಾವನೆಯೂ ಅವರ ಹಳೆಯ ಯೋಚನೆಗೆ ಬಲವಿತ್ತಿತು.

ವೇಗವನ್ನು ತಾನಾಗಿ ನಿಯಂತ್ರಿಸುವ ಯುಕ್ತಿಯು ಅದಕ್ಕೆ ಬಹುಕಾಲ ಹಿಂದಿನದು. ಜೇಮ್ಸ್ ವಾಟ್ 1788ರಲ್ಲಿ ಉಗಿಯಂತ್ರಕ್ಕೆ ಅಳವಡಿಸಿದ ಎರಡು ಗುಂಡುಗಳ ಗವರ್ನರ್ ಪ್ರಸಿದ್ಧವಾದುದು: ತಿರುಗಾಟ ಹೆಚ್ಚಿದಷ್ಟೂ ಗುಂಡುಗಳು ಹೊರಕ್ಕೆ ಸಿಡಿದು ಉಗಿಯ ದಾರಿಯನ್ನು ಕಿರಿದುಗೊಳಿಸುವುವು. ಟೀಟರರು ಇದೇ ತತ್ತ್ವವನ್ನು ಕಾರಿಗೆ ತಂದರು. ಡ್ಯಾಶ್‌ಬೋರ್ಡಿನ ಮೇಲೆ ಚಾಲಕನು ತನಗೆ ಬೇಕಾದ ವೇಗವನ್ನು ತಿರುಗಿಸಿಡುವನು. ಕಾರು ಆ ವೇಗವನ್ನು ಮುಟ್ಟಿದಾಗ ಗವರ್ನರ್ ಒಂದು ಸ್ಪ್ರಿಂಗಿನ ಬಲವನ್ನು ಮೀರಿ, ನಿರ್ವಾತದಿಂದ ನಡೆಯುವ ಪಿಸ್ಟನ್ನನ್ನು ಎಚ್ಚರಿಸುವುದು. ಆ ಪಿಸ್ಟನ್ ಎಕ್ಸಲರೇಟರಿನ ಪೆಡಲನ್ನು ಪಾದದ ವಿರುದ್ಧವಾಗಿ ಮೇಲಕ್ಕೆ ಒತ್ತುವುದು. ನನಗೆ ಈ ಮೊದಲ ರೂಪವೇ ಅತ್ಯಂತ ಪ್ರಿಯವಾದುದು. ಇದರಲ್ಲಿ ಪಾದವು ಪೆಡಲಿನ ಮೇಲೆಯೇ ಇರುತ್ತಿತ್ತು; ಮಿತಿ ಬಂದಿತೆಂಬುದನ್ನು ಅದು ಸ್ಪರ್ಶದಿಂದಲೇ ತಿಳಿಯುತ್ತಿತ್ತು. ಬ್ರೇಕನ್ನು ಮುಟ್ಟುವವರೆಗೂ ವೇಗವನ್ನು ಹಿಡಿದಿಡುವ ವಿದ್ಯುತ್ಕಾಂತೀಯ ಬಂಧನವು ಅನಂತರ ಸೇರಿ, ಪಾದವನ್ನು ಪೂರ್ಣವಾಗಿ ಎತ್ತುವುದಕ್ಕೆ ಅವಕಾಶವಾಯಿತು.

ಈ ಸಾಧನಕ್ಕೆ 1950ರಲ್ಲಿ ಪೇಟೆಂಟ್ ದೊರಕಿತು. 1958ರಲ್ಲಿ ಕ್ರೈಸ್ಲರ್ ಸಂಸ್ಥೆಯು ಇಂಪೀರಿಯಲ್ ಮೊದಲಾದ ತನ್ನ ಕಾರುಗಳಲ್ಲಿ ಇದನ್ನು ‘ಆಟೋ ಪೈಲಟ್’ ಎಂಬ ಹೆಸರಿನಿಂದ ಒದಗಿಸಿತು. ಇಂದು ಎಲ್ಲರೂ ಹೇಳುವ ‘ಕ್ರೂಸ್ ಕಂಟ್ರೋಲ್’ ಎಂಬುದು ಕ್ಯಾಡಿಲಾಕ್ ಇಟ್ಟ ಹೆಸರು. 1973ರ ತೈಲ ಬಿಕ್ಕಟ್ಟು ತಲೆದೋರಿದಾಗ ಇಂಧನ ಉಳಿಸುವ ಸಾಧನವೆಂದು ಇದರ ಪ್ರಚಾರವು ಹಬ್ಬಿತು.

ಯಂತ್ರಕ್ಕೆ ವೇಗವೊಂದೇ ಗೊತ್ತು, ರಸ್ತೆ ಗೊತ್ತಿಲ್ಲ. ಮಳೆಯಲ್ಲಿ ನೀರು ತೆಳುವಾಗಿ ನಿಂತ ಡಾಂಬರಿನ ಮೇಲೆ ಟೈರು ನೆಲದ ಹಿಡಿತ ಬಿಟ್ಟು ತೇಲತೊಡಗಿತೆನ್ನಿ. ನೀರಿನ ತಡೆಯಿಂದ ಕಾರು ತುಸು ನಿಧಾನವಾದೊಡನೆ ಸಾಮಾನ್ಯ ಕ್ರೂಸ್ ಕಂಟ್ರೋಲ್ ಅದನ್ನು ಏರುದಾರಿಯೆಂದೇ ಬಗೆದು ಎಂಜಿನ್ನಿಗೆ ಇನ್ನಷ್ಟು ಬಲವನ್ನು ಕೊಡಲು ಯತ್ನಿಸುವುದು. ಪೆಡಲಿನ ಮೇಲಿದ್ದ ಪಾದವಾದರೆ ಆ ಕ್ಷಣದಲ್ಲಿ ತಾನಾಗಿ ಮೇಲೇಳುತ್ತಿತ್ತು. ಈಗಿನ ಅನೇಕ ಕಾರುಗಳಲ್ಲಿ ಚಕ್ರ ಜಾರಿದುದು ತಿಳಿದೊಡನೆ ನಿಯಂತ್ರಣವು ತಾನೇ ಕಳಚಿಕೊಳ್ಳುವುದುಂಟು. ಆದರೆ ಅಷ್ಟರಲ್ಲಿ ಜಾರುವುದು ಜಾರಿಯಾಗಿರುತ್ತದೆ. ಆದುದರಿಂದ ಮುಂಗಾರಿನ ಮೊದಲ ಹನಿ ಗಾಜಿನ ಮೇಲೆ ಬಿದ್ದಾಗಲೇ ಅದನ್ನು ಆರಿಸಿಬಿಡಬೇಕು. ಶಿರಾಡಿ, ಚಾರ್ಮಾಡಿ, ಆಗುಂಬೆಯಂತಹ ಘಾಟಿಗಳ ಇಳಿಜಾರಿನಲ್ಲಂತೂ ಇದಕ್ಕೆ ಸ್ಥಾನವೇ ಇಲ್ಲ: ಹಳೆಯ ಮಾದರಿಯ ಕ್ರೂಸ್ ಕಂಟ್ರೋಲ್ ಎಂಜಿನ್ನಿನ ಬಲವನ್ನು ಕುಗ್ಗಿಸಬಲ್ಲುದೇ ಹೊರತು ಬ್ರೇಕನ್ನು ಒತ್ತಲಾರದು, ಭಾರದಿಂದ ಕಾರು ಓಡುವಲ್ಲಿ ಅದು ನಿರುಪಾಯವಾಗಿ ನೋಡುತ್ತಿರುವುದು. ಅಲ್ಲಿ ಕೆಳಗಿನ ಗೇರೇ ಗತಿ.

ನಿಷ್ಕ್ರಿಯವಾದ ಬಲಗಾಲನ್ನು ಎಲ್ಲಿಡಬೇಕೆಂಬುದೂ ಸಣ್ಣ ಪ್ರಶ್ನೆಯಲ್ಲ. ಗಂಟೆಗೆ 80 ಕಿಲೋಮೀಟರಿನಲ್ಲಿ ಕಾರು ಸೆಕೆಂಡಿಗೆ 22 ಮೀಟರ್ ಸಾಗುತ್ತದೆ. ಕಾಲನ್ನು ಸೀಟಿನ ಕೆಳಕ್ಕೆ ಮಡಚಿಕೊಂಡವನು ಅದನ್ನು ಹೊರತೆಗೆದು ಬ್ರೇಕನ್ನು ಹುಡುಕುವಷ್ಟರಲ್ಲಿ ಅಷ್ಟು ದಾರಿ ಕೈತಪ್ಪುತ್ತದೆ. ಹಿಮ್ಮಡಿ ನೆಲದಲ್ಲಿ ಊರಿ, ಪಾದದ ತುದಿ ಬ್ರೇಕಿನ ಬಳಿಯಲ್ಲಿಯೇ ಇರುವುದು ಯುಕ್ತ. ನಿದ್ದೆ ತೂಗುವಾಗ ಕ್ರೂಸ್ ಕಂಟ್ರೋಲನ್ನು ಹಾಕಿಕೊಳ್ಳುವುದಂತೂ, ಎಚ್ಚರವಾಗಿರಲು ಉಳಿದಿದ್ದ ಕಡೆಯ ಕೆಲಸವನ್ನೂ ದೇಹದಿಂದ ಕಸಿದುಕೊಂಡಂತೆ.

ಮುಂದಿನ ವಾಹನದ ಅಂತರವನ್ನು ಅಳೆದು ತಾನೇ ನಿಧಾನಿಸುವ ಮಾದರಿಯನ್ನು ಜಪಾನಿನ ಮಿತ್ಸುಬಿಷಿ 1995ರ ಡಿಯಮಾಂಟೆಯಲ್ಲಿ ಲೇಸರಿನಿಂದಲೂ, ಮರ್ಸಿಡಿಸ್ 1999ರಲ್ಲಿ ರೇಡಾರಿನಿಂದಲೂ ಸಾಧಿಸಿದುವು. ಈಗ ಅಂತಹ ಕಾರುಗಳು ನಮ್ಮ ಹೆದ್ದಾರಿಗಳಲ್ಲಿಯೂ ಓಡುತ್ತಿವೆ. ಆದರೆ ಚಲಿಸುವ ವಾಹನವನ್ನು ಹಿಂಬಾಲಿಸುವುದರಲ್ಲಿ ಕುಶಲವಾದ ಈ ವ್ಯವಸ್ಥೆಯು ನಿಂತ ವಾಹನವನ್ನು ಗುರುತಿಸದೆ ಹೋಗಬಹುದೆಂದು ಕಾರಿನೊಡನೆ ಬರುವ ಕೈಪಿಡಿಗಳೇ ಎಚ್ಚರಿಸುತ್ತವೆ. ಮುಂದಿದ್ದ ಕಾರು ಥಟ್ಟನೆ ಪಕ್ಕಕ್ಕೆ ಸರಿದು, ಅದರ ಮರೆಯಲ್ಲಿ ನಿಂತಿದ್ದುದು ಎದುರಾದಾಗ ಈ ಅಪಾಯವು ಹೆಚ್ಚು. ಕಬ್ಬು ಕಡಿಯುವ ಕಾಲದಲ್ಲಿ ಮಂಡ್ಯದ ಕಡೆಗೆ ರಾತ್ರಿ ಹೋಗುವವರು, ಹಿಂದೀಪವಿಲ್ಲದೆ ರಸ್ತೆಯಂಚಿನಲ್ಲಿ ನಿಂತ ಟ್ರಾಕ್ಟರಿನ ಟ್ರೈಲರನ್ನು ತಮ್ಮ ಕಣ್ಣಿನಿಂದಲೇ ಕಂಡು, ತಮ್ಮ ಕಾಲಿನಿಂದಲೇ ಬ್ರೇಕನ್ನು ಒತ್ತಬೇಕು.