ಲೇಖಕನ ಅಂಕಿತ

ಬರೆಯುವವನಿಗೆ ತನ್ನ ಬರಹ ನಾಲ್ಕು ಜನರನ್ನು ಮುಟ್ಟಬೇಕು, ಅವರು ತನ್ನನ್ನು ಗುರುತಿಸಬೇಕು ಎಂಬ ಹಂಬಲ ಸಹಜವಾದುದು. ಇಂದು ನಮ್ಮ ಸಮಾಜದ ಅನೇಕ ಮನೆಗಳಲ್ಲಿ ತರುಣ ತರುಣಿಯರು ಕವಿತೆ, ಕಥೆ, ಪ್ರಬಂಧಗಳನ್ನು ರಚಿಸುತ್ತಿರುವುದು ಸಂತೋಷದ ವಿಷಯ. ಅವರು ತಾವು ಮೆಚ್ಚಿದ ಸಾಹಿತಿಗಳ ಜಾಲತಾಣಗಳನ್ನು ತೆರೆದು, ಭಾವಚಿತ್ರವನ್ನು ಎಲ್ಲಿ ಇಟ್ಟಿದ್ದಾರೆ, ಪರಿಚಯವನ್ನು ಹೇಗೆ ಬರೆದಿದ್ದಾರೆ, ಕೃತಿಗಳನ್ನು ಯಾವ ಕ್ರಮದಲ್ಲಿ ಜೋಡಿಸಿದ್ದಾರೆ ಎಂದು ಪರಿಶೀಲಿಸಿ, ತಮ್ಮ ಹೆಸರಿಗೂ ಅಂತಹ ಒಂದು ಗುರುತನ್ನು ಕಟ್ಟಿಕೊಳ್ಳಲು ಯತ್ನಿಸುತ್ತಾರೆ. ವ್ಯಾಪಾರದಲ್ಲಿ ಸರಕಿಗೆ ಹೇಳುವ ಬ್ರ್ಯಾಂಡ್ ಎಂಬ ಮಾತು ಈಗ ಲೇಖಕನಿಗೂ ಅನ್ವಯವಾಗಿದೆ.

ಇದನ್ನು ಕೇಳಿ ಹಿರಿಯರು ಹುಬ್ಬು ಗಂಟಿಕ್ಕುವ ಕಾರಣವಿಲ್ಲ. ಮೆಚ್ಚಿದವರನ್ನು ನೋಡಿ ಕಲಿಯುವುದು ನಮ್ಮ ಗುರುಪರಂಪರೆಗೆ ಒಪ್ಪಿದ ಮಾರ್ಗವೇ ಆಗಿದೆ. ಆದರೆ ಅವರಲ್ಲಿ ಯಾವುದನ್ನು ಸ್ವೀಕರಿಸಬೇಕು, ಯಾವುದನ್ನು ಅವರಿಗೇ ಬಿಡಬೇಕು ಎಂಬ ವಿವೇಕ ಅವಶ್ಯ. ಈ ವಿವೇಕವನ್ನು ಹನ್ನೆರಡನೆಯ ಶತಮಾನದ ಶಿವಶರಣರು ತಮ್ಮ ವಚನಗಳ ಅಂಕಿತಗಳಲ್ಲಿಯೇ ತೋರಿಸಿಕೊಟ್ಟಿದ್ದಾರೆ.

ಅಂಕಿತದ ಸ್ವರೂಪ

ಅಂಕಿತವೆಂದರೆ ಗುರುತು, ಮುದ್ರೆ. ವಚನದ ಕೊನೆಗೆ ಸಾಮಾನ್ಯವಾಗಿ ಬರುವ ಇಷ್ಟದೈವದ ನಾಮವೇ ವಚನಕಾರನ ಗುರುತಾಗಿದೆ. ಬಸವಣ್ಣನವರದು ಕೂಡಲಸಂಗಮದೇವ, ಅಲ್ಲಮಪ್ರಭುಗಳದು ಗುಹೇಶ್ವರ, ಅಕ್ಕಮಹಾದೇವಿಯದು ಚೆನ್ನಮಲ್ಲಿಕಾರ್ಜುನ, ಸೊನ್ನಲಿಗೆಯ ಸಿದ್ಧರಾಮೇಶ್ವರರದು ಕಪಿಲಸಿದ್ಧಮಲ್ಲಿಕಾರ್ಜುನ, ಮಡಿವಾಳ ಮಾಚಿದೇವರದು ಕಲಿದೇವರದೇವ.

ಇಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ಬರೆದವರು ತಮ್ಮ ಸ್ವಂತ ಹೆಸರನ್ನು ಇಡಲಿಲ್ಲ; ತಾವು ಯಾರಿಗೆ ಉತ್ತರ ಕೊಡಬೇಕೋ ಅವನ ಹೆಸರನ್ನು ಇಟ್ಟರು. ಆದರೂ ಕರ್ತೃವಿನ ಗುರುತು ಅಳಿಯಲಿಲ್ಲ. ಆಡಿದ ಪ್ರತಿಯೊಂದು ಮಾತಿಗೂ ಇಷ್ಟದೈವವನ್ನು ಸಾಕ್ಷಿಯಾಗಿ ನಿಲ್ಲಿಸಿದ ಮೇಲೆ ಸುಳ್ಳಾಡುವ ಅವಕಾಶವೇ ಉಳಿಯುವುದಿಲ್ಲ. ಆದುದರಿಂದ ಅಂಕಿತವು ಕೇವಲ ರುಜುವಲ್ಲ, ಅದೊಂದು ಪ್ರಮಾಣ. ಅಂಬಿಗರ ಚೌಡಯ್ಯನವರು ತಮ್ಮ ಹೆಸರನ್ನೇ ಅಂಕಿತವಾಗಿಸಿಕೊಂಡರು. ಅದರಲ್ಲಿ ದೋಣಿ ನಡೆಸುವ ಕಾಯಕದ ಹೆಸರೂ ಸೇರಿದೆ. ಮಾದಾರ ಚೆನ್ನಯ್ಯನವರ ಅಂಕಿತದಲ್ಲಿ ಉಳಿ, ಕತ್ತಿ, ಅಡಿಗೂಂಟಗಳೆಂಬ ಚರ್ಮಕಾಯಕದ ಉಪಕರಣಗಳೇ ಬಂದಿವೆ. ಸಮಾಜ ಯಾವ ಕಾಯಕವನ್ನು ಕೀಳೆಂದು ನೋಡುತ್ತಿತ್ತೋ ಅದನ್ನೇ ಅವರು ತಮ್ಮ ಗುರುತಿನಲ್ಲಿ ಎತ್ತಿ ಹಿಡಿದರು. ತನ್ನಲ್ಲಿ ಇಲ್ಲದುದನ್ನು ತೋರಿಸುವುದು ಪ್ರದರ್ಶನ, ಇರುವುದನ್ನು ಮರೆಮಾಡದೆ ನುಡಿಯುವುದು ಅಂಕಿತ.

ಒಂದೇ ಮನೆ, ಐದು ಅಂಕಿತ

ಹಿರಿಯರನ್ನು ಮೆಚ್ಚಿ ಅವರಿಂದ ಕಲಿಯುವ ಬಗೆಗೆ ಬಸವಣ್ಣನವರ ಮನೆಗಿಂತ ಮಿಗಿಲಾದ ನಿದರ್ಶನ ಬೇಡ. ಬಸವಣ್ಣನವರ ಸೋದರಳಿಯ ಚೆನ್ನಬಸವಣ್ಣನವರ ಅಂಕಿತ ಕೂಡಲಚೆನ್ನಸಂಗಮದೇವ. ಅಕ್ಕ ನಾಗಮ್ಮನವರದು ಬಸವಣ್ಣಪ್ರಿಯ ಚೆನ್ನಸಂಗಯ್ಯ. ಗಂಗಾಂಬಿಕೆಯವರದು ಗಂಗಾಪ್ರಿಯ ಕೂಡಲಸಂಗಮದೇವ. ನೀಲಾಂಬಿಕೆಯವರದು ಸಂಗಯ್ಯ. ಐವರಿಗೂ ದೈವ ಒಂದೇ, ಸಂಗಮನಾಥ. ಐವರಿಗೂ ಅತ್ಯಂತ ಹತ್ತಿರದ ಆದರ್ಶವೂ ಒಂದೇ. ಆದರೂ ಒಬ್ಬರ ಅಂಕಿತವನ್ನು ಮತ್ತೊಬ್ಬರು ಹಾಗೆಯೇ ಎತ್ತಿಕೊಳ್ಳಲಿಲ್ಲ.

ಚೆನ್ನಬಸವಣ್ಣನವರು ಮನಸ್ಸು ಮಾಡಿದ್ದರೆ ಮಾವನ ಅಂಕಿತದ ನೆರಳಿನಲ್ಲಿ ಸುಲಭವಾಗಿ ಮನ್ನಣೆ ಪಡೆಯಬಹುದಾಗಿತ್ತು. ಅವರು 'ಚೆನ್ನ' ಎಂಬ ಒಂದು ಪದವನ್ನು ಸೇರಿಸಿ, ತಾನು ಯಾರ ಪರಂಪರೆಯವನೆಂಬುದನ್ನೂ, ತನ್ನ ಮಾತಿಗೆ ತಾನೇ ಹೊಣೆಯೆಂಬುದನ್ನೂ ಒಟ್ಟಿಗೆ ತಿಳಿಸಿದರು. ಅವರ ವಚನಗಳ ರೀತಿಯೂ ಬೇರೆ. ಬಸವಣ್ಣನವರಲ್ಲಿ ಭಕ್ತಿಯ ಆರ್ತತೆ ಮುಖ್ಯವಾದರೆ, ಇವರಲ್ಲಿ ಷಟ್‌ಸ್ಥಲ ಶಾಸ್ತ್ರದ ವಿವೇಚನೆ ಮುಖ್ಯ. ಹಡಪದ ಅಪ್ಪಣ್ಣನವರು ಬಸವಪ್ರಿಯ ಕೂಡಲಚೆನ್ನಬಸವಣ್ಣ ಎಂದು ಇಬ್ಬರು ಹಿರಿಯರನ್ನೂ ಅಂಕಿತದಲ್ಲಿ ನೆನೆದರು. ಅವರ ಪುಣ್ಯಸ್ತ್ರೀ ಲಿಂಗಮ್ಮನವರದು ಅಪ್ಪಣ್ಣಪ್ರಿಯ ಚೆನ್ನಬಸವಣ್ಣ. ಹೀಗೆ ಋಣವನ್ನು ಬಚ್ಚಿಡದೆ ಹೇಳುವುದು, ಹಾಗೂ ಸಾಲದ ಸಂಪತ್ತಿನಿಂದ ಬದುಕದಿರುವುದು — ಇವೆರಡೂ ಶರಣರ ನಡೆ. ಮೆಚ್ಚಿದ ಲೇಖಕನಿಂದ ಕಲಿಯುವವನಿಗೆ ಇದಕ್ಕಿಂತ ಉತ್ತಮವಾದ ಪಾಠ ದೊರಕಲಾರದು.

ಅಂಕಿತ ಕಾಪಾಡಿದ ಸಂಪತ್ತು

ಅಂಕಿತದ ಬೆಲೆ ತಿಳಿದುದು ಶತಮಾನಗಳ ನಂತರ. ವಿಜಯಪುರದ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು (1880–1964) ಮಠ ಮನೆಗಳಲ್ಲಿದ್ದ ತಾಡೋಲೆಯ ಕಟ್ಟುಗಳನ್ನು ಹುಡುಕಿ ತಂದು ವಚನಗಳನ್ನು ಸಂಗ್ರಹಿಸಿದರು. ಅವರ 'ವಚನಶಾಸ್ತ್ರಸಾರ'ದ ಮೊದಲ ಭಾಗ 1923ರಲ್ಲಿ ಪ್ರಕಟವಾಯಿತು. 1926ರಲ್ಲಿ 'ಶಿವಾನುಭವ' ಪತ್ರಿಕೆ ಹೊರಟಿತು. ಅನೇಕ ಕಟ್ಟುಗಳಲ್ಲಿ ಹಲವು ಶರಣರ ವಚನಗಳು ಬೆರೆತಿರುತ್ತಿದ್ದವು. ಯಾವುದು ಯಾರದು ಎಂದು ವಿಂಗಡಿಸಲು ವಿದ್ವಾಂಸರಿಗೆ ಮುಖ್ಯ ಆಧಾರವಾದುದು ಅಂಕಿತವೇ. ಲಿಪಿಕಾರರ ಪ್ರಮಾದದಿಂದ ಒಂದೇ ವಚನ ಎರಡು ಅಂಕಿತಗಳಲ್ಲಿ ಕಾಣಿಸಿಕೊಂಡೆಡೆ ಇಂದಿಗೂ ಚರ್ಚೆ ಮುಗಿದಿಲ್ಲ. ಅಂಕಿತವಷ್ಟೇ ಉಳಿದು ಕರ್ತೃವಿನ ಹೆಸರು ಅಳಿದುಹೋದ ವಚನಗಳೂ ಉಂಟು. 1993ರಲ್ಲಿ ಕರ್ನಾಟಕ ಸರ್ಕಾರ ಡಾ. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ 15 ಸಮಗ್ರ ವಚನ ಸಂಪುಟಗಳನ್ನು ಹೊರತಂದಾಗ, ಆ ವಿಶಾಲ ರಾಶಿಯನ್ನು ಕ್ರಮಗೊಳಿಸುವಲ್ಲಿ ಇದೇ ಗುರುತು ನೆರವಾಯಿತು.

ಇನ್ನೊಂದು ಸಂಗತಿ ಇಲ್ಲಿ ಸ್ಮರಣೀಯ. ಹಳಕಟ್ಟಿಯವರು ತಮ್ಮ ಹೆಸರನ್ನು ಮೆರೆಸಲು ಏನನ್ನೂ ಮಾಡಲಿಲ್ಲ. ಮುದ್ರಣಾಲಯಕ್ಕಾಗಿ ಮನೆಯನ್ನೇ ಮಾರಿದರು. ನಾಡು ಅವರನ್ನು ವಚನ ಪಿತಾಮಹರೆಂದು ಕರೆಯಿತು. ಅದು ಅವರು ತಮಗೆ ತಾವೇ ಇಟ್ಟುಕೊಂಡ ಬಿರುದಲ್ಲ, ದುಡಿಮೆಗೆ ಓದುಗರು ಕೊಟ್ಟ ಅಂಕಿತ.

ಅಂಕಿತ ಯಾರ ಸ್ವತ್ತು?

ಒಬ್ಬರ ಗುರುತನ್ನು ಇನ್ನೊಬ್ಬರು ಬದಲಿಸಬಹುದೇ ಎಂಬ ಪ್ರಶ್ನೆ ನಮ್ಮ ಕಾಲದಲ್ಲಿಯೇ ತೀವ್ರವಾಗಿ ಎದ್ದಿತು. 1995ರಲ್ಲಿ ಪೂಜ್ಯ ಮಾತೆ ಮಹಾದೇವಿಯವರು ಸಂಪಾದಿಸಿದ 'ಬಸವ ವಚನ ದೀಪ್ತಿ'ಯಲ್ಲಿ ಕೂಡಲಸಂಗಮದೇವ ಎಂಬುದರ ಬದಲು ಲಿಂಗದೇವ ಎಂಬ ಅಂಕಿತವನ್ನು ಬಳಸಲಾಗಿತ್ತು. ಸಮಾಜದಲ್ಲಿ ದೊಡ್ಡ ವಿವಾದವೆದ್ದು, 1998ರಲ್ಲಿ ರಾಜ್ಯ ಸರ್ಕಾರ ಗ್ರಂಥವನ್ನು ಮುಟ್ಟುಗೋಲು ಹಾಕಿಕೊಂಡಿತು. 2017ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಆ ಕ್ರಮವನ್ನು ಎತ್ತಿಹಿಡಿಯಿತು. 2019ರಲ್ಲಿ ಲಿಂಗೈಕ್ಯರಾದ ಮಾತಾಜಿಯವರು ಬಸವತತ್ತ್ವ ಪ್ರಸಾರಕ್ಕೆ ಬಾಳನ್ನು ಮುಡಿಪಾಗಿಟ್ಟವರು. ಬದಲಾವಣೆಗೆ ಅವರದೇ ಆದ ತಾತ್ತ್ವಿಕ ಕಾರಣಗಳೂ ಇದ್ದವು. ಆ ಗೌರವವನ್ನು ಉಳಿಸಿಕೊಂಡೇ ಹೇಳಬೇಕಾದ ಮಾತೆಂದರೆ, ಕರ್ತೃ ಇಟ್ಟ ಗುರುತನ್ನು ಕರ್ತೃವಲ್ಲದೆ ಬೇರೆಯವರು ತಿದ್ದಲಾಗದು. ಸದುದ್ದೇಶವೂ ಅದಕ್ಕೆ ಅಧಿಕಾರವನ್ನು ಕೊಡುವುದಿಲ್ಲ. ಒಂದು ಪದ ಬದಲಾದುದಕ್ಕೆ ಲಕ್ಷಾಂತರ ಭಕ್ತರ ಮನಸ್ಸು ನೊಂದಿತೆಂದರೆ, ಆ ಪದದ ಹಿಂದೆ ಎಷ್ಟು ತಲೆಮಾರುಗಳ ವಿಶ್ವಾಸ ಕೂಡಿದೆ ಎಂಬುದು ವೇದ್ಯವಾಗುತ್ತದೆ.

ಹೊಸಗನ್ನಡದ ಹಿರಿಯರು

ಈ ಪರಂಪರೆ ಹೊಸಗನ್ನಡದ ಕಾವ್ಯನಾಮಗಳಲ್ಲಿ ಮುಂದುವರಿದಿದೆ. ದ. ರಾ. ಬೇಂದ್ರೆಯವರು ಅಂಬಿಕಾತನಯದತ್ತರೆಂದು ಬರೆದು ತಾಯಿಯ ಹೆಸರನ್ನು ಮುಂದಿಟ್ಟರು. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಶ್ರೀನಿವಾಸರಾದರು. ಸಿದ್ಧಯ್ಯ ಪುರಾಣಿಕರು ಕಾವ್ಯಾನಂದರಾದರು. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪನವರು ಮೊದಲಿಗೆ ಕಿಶೋರಚಂದ್ರವಾಣಿ ಎಂಬ ಸೊಗಸಾದ ಹೆಸರನ್ನು ಇಟ್ಟುಕೊಂಡಿದ್ದರು. ಕಡೆಗೆ ಉಳಿದುದು ಊರು, ತಂದೆ, ತಾನು ಮೂರೂ ಅಡಗಿದ ಕುವೆಂಪು ಎಂಬ ಮೂರಕ್ಷರ. ಹೆಸರು ಕಿವಿಗೆ ಇಂಪಾಗಿದ್ದ ಮಾತ್ರಕ್ಕೆ ನಿಲ್ಲುವುದಿಲ್ಲ. ಕೃತಿ ಬೆಳೆದಂತೆ ಹೆಸರಿಗೆ ಅರ್ಥ ತುಂಬುತ್ತದೆ.

ತರುಣರು ನೋಡಬೇಕಾದುದು

ಆದುದರಿಂದ ಮೆಚ್ಚಿದ ಲೇಖಕರ ಜಾಲತಾಣವನ್ನಾಗಲಿ, ಪುಸ್ತಕದ ಬೆನ್ನುಪುಟವನ್ನಾಗಲಿ ಪರಿಶೀಲಿಸುವ ತರುಣರು ಬಣ್ಣ, ಚಿತ್ರ, ಅಲಂಕಾರಗಳಲ್ಲಿ ನಿಲ್ಲದೆ ಕೆಲವು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಇವರ ಮೊದಲ ಕೃತಿಗೂ ಇತ್ತೀಚಿನ ಕೃತಿಗೂ ಎಷ್ಟು ವರ್ಷಗಳ ಅಂತರ? ಆ ಅವಧಿಯಲ್ಲಿ ಯಾವ ವಿಷಯವನ್ನು ಕೈಬಿಡದೆ ಹಿಡಿದಿದ್ದಾರೆ? ಯಾರ ಋಣವನ್ನು ನೆನೆದಿದ್ದಾರೆ? ತಮ್ಮ ಬಗೆಗೆ ಹೇಳದೆ ಬಿಟ್ಟುದು ಏನು? ಓದುಗನಿಗೆ ಕೃತಿಯನ್ನು ತೋರಿಸುತ್ತಾರೆಯೋ, ಪ್ರಶಸ್ತಿಗಳನ್ನಷ್ಟೇ ತೋರಿಸುತ್ತಾರೆಯೋ? ಒಬ್ಬರನ್ನೇ ನೋಡದೆ ಐದಾರು ಜನರನ್ನು ನೋಡಿದರೆ, ಎಲ್ಲರಲ್ಲಿಯೂ ಸಮಾನವಾದ ಶಿಸ್ತು ಯಾವುದು, ಒಬ್ಬೊಬ್ಬರಿಗೇ ಮೀಸಲಾದ ಶೈಲಿ ಯಾವುದು ಎಂಬುದು ತಾನಾಗಿಯೇ ಬೇರ್ಪಡುತ್ತದೆ. ಮೊದಲನೆಯದನ್ನು ಅನುಸರಿಸಬೇಕು, ಎರಡನೆಯದನ್ನು ಅವರಿಗೇ ಬಿಡಬೇಕು.

ವ್ಯವಹಾರದ ಎರಡು ಮಾತುಗಳೂ ಉಂಟು. ಹೆಸರನ್ನು ಒಂದೇ ರೂಪದಲ್ಲಿ ಬರೆಯುವುದು ಲೇಸು. ಬಸವರಾಜ, ಮಲ್ಲಿಕಾರ್ಜುನ, ಶಿವಾನಂದ ಎಂಬ ಹೆಸರುಗಳು ನಮ್ಮ ಸಮಾಜದಲ್ಲಿ ಸಾವಿರಾರು. ಒಮ್ಮೆ ಊರಿನ ಹೆಸರು ಸೇರಿಸಿ, ಇನ್ನೊಮ್ಮೆ ಬಿಟ್ಟು, ಮತ್ತೊಮ್ಮೆ ಮನೆತನದ ಹೆಸರು ಹಾಕಿದರೆ ಒಬ್ಬ ಲೇಖಕ ಮೂವರಾಗಿ ತೋರುತ್ತಾನೆ. ಪ್ರತಿ ಬರಹಕ್ಕೂ ಕಾಲ, ಪ್ರಕಟವಾದ ಪತ್ರಿಕೆಯ ಹೆಸರು ನಮೂದಿಸಿ ಪ್ರತಿಯನ್ನು ಜೋಪಾನ ಮಾಡಬೇಕು.

ಹೆಣ್ಣುಮಕ್ಕಳ ವಿಷಯದಲ್ಲಿ ತಂದೆತಾಯಿಗಳೂ ಅತ್ತೆಮಾವಂದಿರೂ ವಿಶೇಷ ಗಮನ ಕೊಡಬೇಕು. ವಿವಾಹದ ನಂತರ ಇನಿಷಿಯಲ್ಲೂ ಅಡ್ಡಹೆಸರೂ ಬದಲಾಗಿ, ತವರಿನಲ್ಲಿ ಬರೆದ ಬರಹ ಒಬ್ಬಳದು, ಗಂಡನ ಮನೆಯಲ್ಲಿ ಬರೆದುದು ಇನ್ನೊಬ್ಬಳದು ಎಂಬಂತಾಗುತ್ತದೆ. ಹತ್ತು ವರ್ಷದ ಪರಿಶ್ರಮ ಗುರುತಿಲ್ಲದೆ ಹೋಗುತ್ತದೆ. ಶರಣರ ಕಾಲದಲ್ಲಿ ಮೂವತ್ತಕ್ಕೂ ಹೆಚ್ಚು ಶರಣೆಯರು ವಚನ ರಚಿಸಿದರು. ಆಯ್ದಕ್ಕಿ ಲಕ್ಕಮ್ಮನವರ ಅಂಕಿತ ಮಾರಯ್ಯಪ್ರಿಯ ಅಮರೇಶ್ವರಲಿಂಗ. ಅದರಲ್ಲಿ ಪತಿಯ ಹೆಸರಿದೆ. ಆದರೂ ಅದು ಪತಿಯ ಅಂಕಿತವಲ್ಲ, ಲಕ್ಕಮ್ಮನವರದೇ. ಸಂಸಾರದ ಪ್ರೀತಿಗೂ ಸ್ವಂತ ಮಾತಿನ ಅಧಿಕಾರಕ್ಕೂ ವಿರೋಧವಿಲ್ಲವೆಂದು ಅವರು ಅಂದೇ ತೋರಿಸಿದರು. ನಮ್ಮ ಸೊಸೆಯಂದಿರು, ಹೆಣ್ಣುಮಕ್ಕಳು ಬರೆಯಲು ತೊಡಗಿದಾಗ ಆರಿಸಿಕೊಂಡ ಹೆಸರಿನಲ್ಲಿಯೇ ಕೊನೆಯವರೆಗೂ ಬರೆಯಲು ಮನೆಯವರು ಅನುವು ಮಾಡಿಕೊಡಬೇಕು. ಇದು ಸಣ್ಣ ಸಂಗತಿಯೆಂದು ತೋರಿದರೂ, ಗುರುತು ಅಳಿದ ವಚನಗಳನ್ನು ನೆನೆದರೆ ಸಣ್ಣದಲ್ಲವೆಂದು ಮನವರಿಕೆಯಾಗುತ್ತದೆ.

ಬ್ರ್ಯಾಂಡ್ ಎಂಬುದು ಕೊಳ್ಳುವವನ ಕಣ್ಣನ್ನು ಸೆಳೆಯಲು ಹುಟ್ಟಿದ ಮಾತು. ಅಂಕಿತವು ಆಡುವವನ ನಾಲಗೆಯನ್ನು ಕಾಯಲು ಹುಟ್ಟಿದುದು. ಇಂದಿನ ಲೇಖಕನಿಗೆ ಮೊದಲನೆಯದರ ಅಗತ್ಯವೂ ಇರಬಹುದು. ಎರಡನೆಯದು ಇಲ್ಲದ ಮೊದಲನೆಯದು ಮಾತ್ರ ಬಹುಕಾಲ ಬಾಳದು. ಬರೆದುದರ ಕೆಳಗೆ ಹೆಸರು ಹಾಕುವ ಮುನ್ನ, ಈ ಮಾತಿಗೆ ನನ್ನ ಇಷ್ಟಲಿಂಗದ ಎದುರು ಕುಳಿತು ಹೊಣೆ ಹೊರಬಲ್ಲೆನೇ ಎಂದು ಒಮ್ಮೆ ಕೇಳಿಕೊಂಡರೆ, ನಮ್ಮ ತರುಣ ಬರಹಗಾರರ ಹೆಸರು ತಾನಾಗಿಯೇ ಬೆಳಗುವುದರಲ್ಲಿ ಸಂದೇಹವಿಲ್ಲ.