ತೊಳೆದಷ್ಟೂ ಮರಳಿ ಬರುವ ಪಾಚಿ: ಮೀನಿನ ತೊಟ್ಟಿಗೆ ಏನು ಹಾಕಬೇಕು, ಏನು ಹಾಕಬಾರದು?

(ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ಸಂಕ್ಷೇಪಿಸಲಾಗಿದೆ.)

ಮನೆಯಲ್ಲಿ ಮೀನು ಸಾಕುವವರು ನನ್ನನ್ನು ಅತಿ ಹೆಚ್ಚು ಕೇಳುವ ಪ್ರಶ್ನೆ ಒಂದೇ: "ಪಾಚಿ ಹೋಗ್ತಾನೇ ಇಲ್ಲ, ಏನ್ ಹಾಕ್ಲಿ?" ಈ ವಾರವೂ ಬೆಂಗಳೂರಿನ ಕೇಳುಗರೊಬ್ಬರು ಅದನ್ನೇ ಕೇಳಿದ್ದಾರೆ. ಅವರದು ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಟ್ಯಾಂಕ್. ಕಲ್ಲು, ಮರಳು ಕಳೆದರೆ ಸುಮಾರು 50 ಲೀಟರ್ ನೀರು. ಗಪ್ಪಿ, ಟೆಟ್ರಾ ಮೀನುಗಳಿವೆ. ಎಲೆಗಳ ಅಂಚಿನಲ್ಲಿ, ಮರದ ತುಂಡಿನ ಮೇಲೆ, ಫಿಲ್ಟರ್ ಬಾಯಿಯಲ್ಲಿ ಕಪ್ಪು ಗಡ್ಡದಂಥ ಪಾಚಿ. ಬೇಸತ್ತು ಒಂದು ಭಾನುವಾರ ಅಷ್ಟೂ ನೀರು ಚೆಲ್ಲಿ, ಕಲ್ಲು, ಫಿಲ್ಟರ್ ಎಲ್ಲವನ್ನೂ ನಲ್ಲಿ ನೀರಲ್ಲಿ ತಿಕ್ಕಿ ತೊಳೆದಿದ್ದಾರೆ. ನಾಲ್ಕು ದಿನದಲ್ಲಿ ಐದು ಟೆಟ್ರಾ ಸತ್ತವು. ಒಂದು ತಿಂಗಳಲ್ಲಿ ಪಾಚಿ ಮಾತ್ರ ವಾಪಸ್ ಬಂತು.

"ಇನ್ನೊಂದು ಸಲ ನೋಡ್ತೀನಿ, ಆಗಲಿಲ್ಲ ಅಂದ್ರೆ ಟ್ಯಾಂಕ್ ಮಾರಿಬಿಡ್ತೀನಿ" ಅಂತ ಬರೆದಿದ್ದಾರೆ. ಮಾರಬೇಡಿ. ಇದಕ್ಕೆ ದಾರಿ ಇದೆ. ಆದರೆ ಏನು ಹಾಕೋದು ಅಂತ ಯೋಚಿಸುವ ಮೊದಲು, ಟ್ಯಾಂಕಿಗೆ ಈಗಾಗಲೇ ಏನು ಜಾಸ್ತಿ ಹೋಗ್ತಿದೆ ಅನ್ನೋದನ್ನು ನೋಡಬೇಕು.

ಮೀನು ಸತ್ತಿದ್ದು ಯಾಕೆ?

ಮೊದಲು ಇದನ್ನು ಅರ್ಥ ಮಾಡಿಕೊಳ್ಳೋಣ. ಯಾಕಂದ್ರೆ ಮನೆಯ ತೊಟ್ಟಿಗಳಲ್ಲಿ ಪಾಚಿಯಿಂದ ಸಾಯುವ ಮೀನಿಗಿಂತ ಪಾಚಿ ತೆಗೆಯುವ ಅವಸರಕ್ಕೆ ಸಾಯುವ ಮೀನುಗಳನ್ನೇ ನಾನು ಹೆಚ್ಚು ನೋಡಿದ್ದೇನೆ.

ಮೀನಿನ ಹಿಕ್ಕೆ, ಉಳಿದ ಆಹಾರ, ಕೊಳೆತ ಎಲೆ ಇವುಗಳಿಂದ ನೀರಿನಲ್ಲಿ ಅಮೋನಿಯಾ ಹುಟ್ಟುತ್ತದೆ. ಅದು ಮೀನಿಗೆ ವಿಷ. ಫಿಲ್ಟರ್ ಸ್ಪಂಜಿನಲ್ಲಿ, ಕಲ್ಲುಗಳ ಮೇಲೆ ನೆಲೆಸಿರುವ ಬ್ಯಾಕ್ಟೀರಿಯಾಗಳು ಆ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ, ಆಮೇಲೆ ನೈಟ್ರೇಟ್ ಮಾಡುತ್ತವೆ. ನೈಟ್ರೈಟ್ ಕೂಡ ವಿಷವೇ. ನೈಟ್ರೇಟ್ ಅಷ್ಟು ಅಪಾಯಕಾರಿ ಅಲ್ಲ. ಹೊಸ ಟ್ಯಾಂಕಿನಲ್ಲಿ ಈ ಬ್ಯಾಕ್ಟೀರಿಯಾ ಚೆನ್ನಾಗಿ ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು.

ಕ್ಲೋರಿನ್ ಇರುವ ನಲ್ಲಿ ನೀರಿನಲ್ಲಿ ಫಿಲ್ಟರ್ ತೊಳೆದರೆ ಆ ಬ್ಯಾಕ್ಟೀರಿಯಾವೂ ಹೋಯಿತು. ಟ್ಯಾಂಕ್ ನೋಡೋಕೆ ಪಳಪಳ ಅನ್ನುತ್ತೆ, ಒಳಗೆ ಅಮೋನಿಯಾ ಏರ್ತಾ ಇರುತ್ತೆ. ಕಣ್ಣಿಗೆ ಕಾಣೋದಿಲ್ಲ. ಹಾಗಾಗಿ ಮೊದಲ ನಿಯಮ: ಇಡೀ ಟ್ಯಾಂಕನ್ನು ಒಂದೇ ದಿನ ತೊಳೆಯಬೇಡಿ. ಫಿಲ್ಟರ್ ಸ್ಪಂಜನ್ನು ಟ್ಯಾಂಕಿನಿಂದಲೇ ತೆಗೆದ ಒಂದು ಬಕೆಟ್ ನೀರಿನಲ್ಲಿ ಹಿಂಡಿದರೆ ಸಾಕು.

ಪಾಚಿಗೂ ಗಿಡಕ್ಕೂ ಒಂದೇ ಊಟ

ಪಾಚಿಗೆ ಬೇಕಾಗಿದ್ದು ಮೂರು: ಬೆಳಕು, ನೈಟ್ರೇಟ್-ಫಾಸ್ಫೇಟ್‌ನಂಥ ಪೋಷಕಾಂಶ, ಮತ್ತೆ ಇಂಗಾಲ. ಟ್ಯಾಂಕಿನ ಗಿಡಗಳಿಗೂ ಬೇಕಾಗಿದ್ದು ಇವೇ. ಗಿಡ ಕಡಿಮೆ ಇದ್ದು ಬೆಳಕು, ಗೊಬ್ಬರ ಜಾಸ್ತಿ ಇದ್ದರೆ ಮಿಕ್ಕಿದ್ದೆಲ್ಲ ಪಾಚಿಯ ಪಾಲು. ಎಷ್ಟು ತಿಕ್ಕಿದರೂ ಅದು ಮರಳಿ ಬರೋದು ಈ ಕಾರಣಕ್ಕೆ. ನೀವು ತೆಗೆದಿದ್ದು ಬೆಳೆಯನ್ನು, ಹೊಲ ಹಾಗೇ ಇದೆ.

ಒಂದಿಷ್ಟು ಪಾಚಿ ಇರೋದು ತಪ್ಪಲ್ಲ, ಅದನ್ನೂ ಹೇಳಿಬಿಡ್ತೀನಿ. ಬಾವಿ ಮೆಟ್ಟಿಲ ಮೇಲೆ ಹಾವಸೆ ಇರೋದಿಲ್ವೇ, ಹಾಗೆ. ಹಿಂದಿನ ಗಾಜಿನ ಮೇಲೆ ತೆಳುವಾಗಿ ಹಸಿರು ಇದ್ದರೆ ಮರಿಮೀನುಗಳು ಅದನ್ನು ಮೇಯುತ್ತವೆ. ಗಿಡದ ಎಲೆ ಮುಚ್ಚಿ, ಗಿಡವೇ ಸಾಯುವ ಮಟ್ಟಕ್ಕೆ ಬಂದಾಗ ಅದು ಸಮಸ್ಯೆ.

ನಿಮ್ಮ ಟ್ಯಾಂಕಿನದು ಯಾವ ಪಾಚಿ?

ಕಂದು ಪುಡಿಯಂತೆ ಗಾಜಿಗೆ, ಮರಳಿಗೆ ಅಂಟಿ, ಬೆರಳಲ್ಲಿ ಒರೆಸಿದರೆ ಹೋಗುತ್ತಾ? ಅದು ಡಯಾಟಮ್. ಹೊಸ ಟ್ಯಾಂಕುಗಳಲ್ಲಿ ಬರುತ್ತೆ, ಕೆಲವು ವಾರಗಳಲ್ಲಿ ಸಾಮಾನ್ಯವಾಗಿ ತಾನೇ ಕಡಿಮೆಯಾಗುತ್ತೆ. ಅದಕ್ಕೆ ತಲೆಕೆಡಿಸಿಕೊಳ್ಳಬೇಡಿ.

ನೀರೇ ಹಸಿರಾಗಿ, ಮೀನು ಕಾಣದಂತಾಗಿದೆಯಾ? ಅದು ನೀರಿನಲ್ಲಿ ತೇಲುವ ಏಕಕೋಶ ಪಾಚಿ. ನೀರು ಬದಲಿಸಿದರೆ ಎರಡೇ ದಿನದಲ್ಲಿ ಮತ್ತೆ ಹಸಿರು. ಇದಕ್ಕೆ ಕತ್ತಲೆ ಚಿಕಿತ್ಸೆ ಅಥವಾ ಯುವಿ ದೀಪದ ಫಿಲ್ಟರ್ ಕೆಲಸ ಮಾಡುತ್ತೆ.

ಕೂದಲಿನಂತೆ ಉದ್ದಕ್ಕೆ ಹಸಿರು ಎಳೆಗಳಿದ್ದರೆ ಹಳೆಯ ಹಲ್ಲುಜ್ಜುವ ಬ್ರಷ್‌ಗೆ ಸುತ್ತಿ ಎಳೆಯಿರಿ, ಗೊಂಚಲಾಗಿ ಬರುತ್ತೆ.

ಲೋಳೆಯ ಹಾಸಿನಂತೆ ನೀಲಿ-ಹಸಿರು ಪದರ, ಎಳೆದರೆ ಹಾಳೆಯಂತೆ ಎದ್ದು ಬರುತ್ತೆ, ಕೆಟ್ಟ ವಾಸನೆ ಇದೆ ಅಂದ್ರೆ ಅದು ನಿಜವಾದ ಪಾಚಿಯೇ ಅಲ್ಲ, ಸಯನೋಬ್ಯಾಕ್ಟೀರಿಯಾ. ಕೆಲವರು ಇದಕ್ಕೆ ಮೆಡಿಕಲ್ ಶಾಪಿನಿಂದ ಆ್ಯಂಟಿಬಯಾಟಿಕ್ ತಂದು ಹಾಕ್ತಾರೆ. ದಯವಿಟ್ಟು ಬೇಡ. ಫಿಲ್ಟರಿನ ಒಳ್ಳೆಯ ಬ್ಯಾಕ್ಟೀರಿಯಾಕ್ಕೂ ಪೆಟ್ಟು ಬೀಳಬಹುದು, ಔಷಧಕ್ಕೆ ಬಗ್ಗದ ರೋಗಾಣು ಬೆಳೆಯೋಕೂ ದಾರಿಯಾಗುತ್ತೆ.

ಇನ್ನು ನಮ್ಮ ಕೇಳುಗರ ಕಪ್ಪು ಗಡ್ಡದ ಪಾಚಿ. ಅತಿ ಹಟಮಾರಿ ಇದೇ. ನೋಡೋಕೆ ಕಪ್ಪು, ಬೂದು, ಆದರೆ ವಿಜ್ಞಾನಿಗಳ ಲೆಕ್ಕದಲ್ಲಿ ಕೆಂಪು ಪಾಚಿಯ ಗುಂಪಿಗೆ ಸೇರಿದ್ದು. ಪರೀಕ್ಷೆ ಸುಲಭ: ಒಂದು ಚೂರನ್ನು ಕಿತ್ತು ಸ್ಪಿರಿಟ್‌ನಲ್ಲಿ ಹಾಕಿಡಿ, ಕೆಂಪಗಾಗುತ್ತೆ. ತಿಕ್ಕಿದರೆ ಬರಲ್ಲ. ನಿಧಾನಕ್ಕೆ ಬೆಳೆಯುವ ಅನುಬಿಯಾಸ್‌ನಂಥ ಗಿಡದ ಹಳೇ ಎಲೆಗಳೆಂದರೆ ಇದಕ್ಕೆ ಇಷ್ಟ. ಕೊಳೆ ಸೇರಿದ ತಳ, ಏರುಪೇರಾಗುವ ಇಂಗಾಲದ ಡೈಆಕ್ಸೈಡ್, ಹೆಚ್ಚು ಹೊತ್ತು ಉರಿಯುವ ದೀಪ ಇರುವ ಕಡೆ ಸಾಮಾನ್ಯವಾಗಿ ಕಾಣಿಸಿಕೊಳ್ಳುತ್ತೆ.

ಮೊದಲು ದೀಪ, ಆಮೇಲೆ ನೀರು

ಅತಿ ಸುಲಭದ ಕೆಲಸ ಬೆಳಕು ಕಡಿಮೆ ಮಾಡೋದು. ಬೆಳಿಗ್ಗೆ ಎದ್ದು ದೀಪ ಹಾಕಿ ರಾತ್ರಿ ಮಲಗುವಾಗ ಆರಿಸುವ ಮನೆಗಳೇ ಜಾಸ್ತಿ. ಅಂದ್ರೆ 14-15 ಗಂಟೆ. ಮೀನಿಗೆ ಅಷ್ಟು ಬೆಳಕು ಬೇಕಿಲ್ಲ, ಗಿಡಕ್ಕೂ ಬೇಕಿಲ್ಲ. ಒಂದು ಟೈಮರ್ ಪ್ಲಗ್ ತಂದು ದಿನಕ್ಕೆ 6 ಗಂಟೆಗೆ ಇಳಿಸಿ. ಸಂಜೆ 4ರಿಂದ ರಾತ್ರಿ 10 ಅಂತ ಇಟ್ಟರೆ ನೀವು ಮನೆಯಲ್ಲಿರುವ ಹೊತ್ತಿಗೆ ಟ್ಯಾಂಕ್ ಬೆಳಗುತ್ತೆ. ಪಾಚಿ ಹತೋಟಿಗೆ ಬಂದ ಮೇಲೆ 7-8 ಗಂಟೆಗೆ ಏರಿಸಬಹುದು.

ಕಿಟಕಿಯನ್ನೂ ನೋಡಿ. ಟ್ಯಾಂಕ್ ಮೇಲೆ ನೇರ ಬಿಸಿಲು ಬೀಳಬಾರದು. ದಕ್ಷಿಣದ ಕಿಟಕಿ ಆದರೆ ಜೂನ್‌ನಲ್ಲಿ ಇಲ್ಲದ ಬಿಸಿಲು ಡಿಸೆಂಬರ್‌ನಲ್ಲಿ ಒಳಗೆ ಬರುತ್ತೆ. "ಆರು ತಿಂಗಳು ಚೆನ್ನಾಗಿತ್ತು, ಈಗ ಯಾಕೆ ಬಂತು" ಅನ್ನೋರಲ್ಲಿ ಕೆಲವರಿಗೆ ಇದೇ ಉತ್ತರ.

ಎರಡನೆಯದು ಆಹಾರ. ಎರಡು ನಿಮಿಷದಲ್ಲಿ ಮೀನು ತಿಂದು ಮುಗಿಸುವಷ್ಟು, ದಿನಕ್ಕೆ ಒಂದು ಸಲ. ವಾರಕ್ಕೊಂದು ದಿನ ಉಪವಾಸ ಹಾಕಿದರೂ ದೊಡ್ಡ ಮೀನಿಗೆ ಏನೂ ಆಗಲ್ಲ. ಮನೆಯಲ್ಲಿ ನಾಲ್ಕು ಜನ ನಾಲ್ಕು ಸಲ ಪ್ರೀತಿಯಿಂದ ಹಾಕಿದ ಆಹಾರವೇ ಕೊನೆಗೆ ಪಾಚಿಗೆ ಗೊಬ್ಬರ.

ಮೂರನೆಯದು ನೀರು. ವಾರಕ್ಕೊಮ್ಮೆ ಕಾಲು ಭಾಗ ಬದಲಿಸಿ. 50 ಲೀಟರ್ ಟ್ಯಾಂಕಿಗೆ 12-13 ಲೀಟರ್, ಒಂದು ಬಕೆಟ್ ಅಷ್ಟೆ. ಪೈಪಿನಿಂದ ಎಳೆಯುವಾಗ ತಳದ ಕೊಳೆಯನ್ನೂ ಸೇರಿಸಿ ಎಳೀರಿ.

ಇಲ್ಲೊಂದು ವಿಷಯ ಬೆಂಗಳೂರಿನವರು ಗಮನಿಸಬೇಕು. ಕಾವೇರಿ ನೀರು ಬಂದರೆ ಅದರಲ್ಲಿ ಕ್ಲೋರಿನ್ ಇರುತ್ತೆ, ಆ್ಯಂಟಿ-ಕ್ಲೋರಿನ್ ಹಾಕಿಯೇ ಬಳಸಿ. ಬೋರ್‌ವೆಲ್ ಅಥವಾ ಟ್ಯಾಂಕರ್ ನೀರಾದರೆ ಸಮಸ್ಯೆ ಬೇರೆ. ಕೊಳಚೆ ಇಂಗಿದ ಕಡೆ ಅಂತರ್ಜಲದಲ್ಲೇ ನೈಟ್ರೇಟ್ ಜಾಸ್ತಿ ಇರುತ್ತೆ. ಕುಡಿಯುವ ನೀರಿಗೆ ನಮ್ಮ ದೇಶದ ಮಿತಿ ಲೀಟರಿಗೆ 45 ಮಿಲಿಗ್ರಾಂ. ಅದನ್ನೂ ಮೀರಿದ ಬೋರ್‌ವೆಲ್‌ಗಳು ಬೆಂಗಳೂರಿನಲ್ಲಿವೆ. ಅಂಥ ನೀರನ್ನು ಬದಲಿಸಿದಷ್ಟೂ ನೀವು ಪಾಚಿಗೆ ಊಟ ಬಡಿಸ್ತಿದ್ದೀರಿ ಅಂತ ಅರ್ಥ!

ಆದ್ದರಿಂದ ನೈಟ್ರೇಟ್ ಟೆಸ್ಟ್ ಕಿಟ್ ತಂದಾಗ ಟ್ಯಾಂಕಿನ ನೀರನ್ನಷ್ಟೇ ಅಲ್ಲ, ನಲ್ಲಿ ನೀರನ್ನೂ ಪರೀಕ್ಷಿಸಿ. ನಲ್ಲಿಯಲ್ಲೇ ಹೆಚ್ಚಿದ್ದರೆ ಮನೆಯ ಆರ್‌ಒ ಫಿಲ್ಟರಿನ ಶುದ್ಧ ನೀರನ್ನು ಅರ್ಧಕ್ಕರ್ಧ ಬೆರೆಸಿ. ಒಮ್ಮೆಲೇ ಬದಲಾಯಿಸದೆ ಕೆಲವು ವಾರಗಳಲ್ಲಿ ನಿಧಾನಕ್ಕೆ ಈ ಅಳತೆಗೆ ಬನ್ನಿ. ಬರೀ ಆರ್‌ಒ ನೀರು ಬೇಡ, ಅದರಲ್ಲಿ ಮೀನಿಗೆ ಬೇಕಾದ ಖನಿಜ ಇರಲ್ಲ. ಆರ್‌ಒ ಹೊರಹಾಕುವ ವೇಸ್ಟ್ ನೀರಂತೂ ಖಂಡಿತ ಬೇಡ. ಉಪ್ಪು, ನೈಟ್ರೇಟ್ ಎಲ್ಲ ಅದರಲ್ಲೇ ಸಾಂದ್ರವಾಗಿರುತ್ತೆ.

ನಾಲ್ಕನೆಯದು ಪೈಪೋಟಿಗೆ ಗಿಡ. ಹೈಡ್ರಿಲ್ಲಾ, ಹಾರ್ನ್‌ವರ್ಟ್, ವ್ಯಾಲಿಸ್ನೇರಿಯಾ ಇವೆಲ್ಲ ಬೇಗ ಬೆಳೆದು ನೈಟ್ರೇಟ್ ಹೀರುತ್ತವೆ. ಇನ್ನೂ ಸುಲಭದ್ದು ಬೇಕಾ? ಮನಿ ಪ್ಲಾಂಟ್ ಬಳ್ಳಿಯ ಬೇರು ಮಾತ್ರ ನೀರಲ್ಲಿ, ಎಲೆ ಹೊರಗೆ ಇರುವಂತೆ ಟ್ಯಾಂಕ್ ಅಂಚಿಗೆ ಸಿಕ್ಕಿಸಿ. ನಮ್ಮ ಮನೆಯ ಟ್ಯಾಂಕಿನಲ್ಲಿ ವರ್ಷಗಳಿಂದ ಅದೇ ಇದೆ.

ಔಷಧಿ ಯಾವಾಗ?

ಇಷ್ಟೆಲ್ಲ ಮಾಡಿದರೆ ಹೊಸ ಪಾಚಿ ನಿಲ್ಲುತ್ತೆ. ಆದರೆ ಈಗಾಗಲೇ ಅಂಟಿರುವ ಕಪ್ಪು ಗಡ್ಡ ತಾನಾಗಿ ಉದುರಲ್ಲ. ಹೆಚ್ಚು ಮುತ್ತಿದ ಎಲೆಗಳನ್ನು ಕತ್ತರಿಸಿ ಬಿಸಾಕಿ. ಮರದ ತುಂಡನ್ನು ಹೊರತೆಗೆದು ಕುದಿಯುವ ನೀರಲ್ಲಿ ಅದ್ದಬಹುದು. ಹೊರತೆಗೆಯಲಾಗದ ಕಡೆಗೆ ಹೈಡ್ರೋಜನ್ ಪೆರಾಕ್ಸೈಡ್.

ಇಲ್ಲಿ ಸ್ವಲ್ಪ ನಿಧಾನಕ್ಕೆ ಕೇಳಿ. ಇಂಟರ್ನೆಟ್‌ನಲ್ಲಿ ಸಿಗುವ ಅಳತೆಗಳೆಲ್ಲ ಸಾಮಾನ್ಯವಾಗಿ ಶೇ 3ರ ದ್ರಾವಣಕ್ಕೆ ಹೇಳಿದವು. ನಮ್ಮ ಮೆಡಿಕಲ್ ಶಾಪುಗಳಲ್ಲಿ ಹೆಚ್ಚಾಗಿ ಸಿಗೋದು ಶೇ 6ರದ್ದು. ಬಾಟಲಿ ಮೇಲೆ '20 ವಾಲ್ಯೂಮ್' ಅಂತಲೂ ಬರೆದಿರುತ್ತೆ. ಅದಕ್ಕೆ ಅಷ್ಟೇ ನೀರು ಬೆರೆಸಿದರೆ ಶೇ 3 ಆಗುತ್ತೆ. ನೋಡದೆ ಹಾಕಿದರೆ ಡೋಸ್ ಎರಡು ಪಟ್ಟು.

ನಾನು ಹೇಳುವ ಮಿತಿ: 50 ಲೀಟರ್ ನೀರಿಗೆ ದಿನಕ್ಕೆ ಶೇ 3ರ ದ್ರಾವಣ 12 ಮಿಲಿಲೀಟರ್, ಅದಕ್ಕಿಂತ ಜಾಸ್ತಿ ಬೇಡ. ಕೈಗವಸು ಹಾಕಿಕೊಳ್ಳಿ. ಫಿಲ್ಟರ್, ಪಂಪ್ ನಿಲ್ಲಿಸಿ, ಸೂಜಿ ತೆಗೆದ ಸಿರಿಂಜ್‌ನಿಂದ ಪಾಚಿಯ ಹತ್ತಿರವೇ ನಿಧಾನಕ್ಕೆ ಬಿಡಿ. ಐದು-ಹತ್ತು ನಿಮಿಷ ಬಿಟ್ಟು ಫಿಲ್ಟರ್ ಹಾಕಿ. ಮೀನು ಮೇಲಕ್ಕೆ ಬಂದು ಬಾಯಿ ಬಿಡ್ತಿದ್ರೆ ತಕ್ಷಣ ನೀರು ಬದಲಿಸಿ. ದಿನಕ್ಕೆ ಒಂದೇ ಜಾಗಕ್ಕೆ ಹಾಕಿ. ಕೆಲವು ದಿನಗಳಲ್ಲಿ ಪಾಚಿ ಗುಲಾಬಿ ಬಣ್ಣಕ್ಕೆ ತಿರುಗಿ, ಆಮೇಲೆ ಬಿಳುಚುತ್ತೆ. ಅಂದ್ರೆ ಸತ್ತಿದೆ ಅಂತ. ಸಿಗಡಿ ಇರುವ ಟ್ಯಾಂಕಿನಲ್ಲಿ ಇನ್ನೂ ಎಚ್ಚರ ಬೇಕು.

'ಲಿಕ್ವಿಡ್ ಕಾರ್ಬನ್' ಅಂತ ಮಾರುವ ಬಹುತೇಕ ದ್ರಾವಣಗಳಲ್ಲಿ ಇರೋದು ಗ್ಲುಟರಾಲ್ಡಿಹೈಡ್ ಜಾತಿಯ ರಾಸಾಯನಿಕ. ಗ್ಲುಟರಾಲ್ಡಿಹೈಡ್ ಅಂದ್ರೆ ಆಸ್ಪತ್ರೆಗಳಲ್ಲಿ ಎಂಡೋಸ್ಕೋಪ್‌ನಂಥ ಉಪಕರಣ ಶುದ್ಧಿಗೆ ಬಳಸುವ ವಸ್ತು. ಕಣ್ಣಿಗೆ, ಚರ್ಮಕ್ಕೆ, ಶ್ವಾಸಕ್ಕೆ ಒಳ್ಳೆಯದಲ್ಲ. ಮಕ್ಕಳ ಕೈಗೆ ಸಿಗದಂತೆ ಇಡಿ.

ಇನ್ನು ತಾಮ್ರ. ಮಲೆನಾಡಿನವರಿಗೆ ಮೈಲುತುತ್ತ ಗೊತ್ತು, ಅಡಿಕೆಗೆ ಕೊಳೆರೋಗ ಬಾರದಿರಲಿ ಅಂತ ಸುಣ್ಣದ ಜೊತೆ ಬೋರ್ಡೊ ದ್ರಾವಣ ಮಾಡಿ ಹೊಡೀತಾರೆ. ಪಾಚಿನಾಶಕಗಳಲ್ಲಿ ಕೆಲವು ತಾಮ್ರದವೇ. ಪಾಚಿ ಸಾಯುತ್ತೆ, ಜೊತೆಗೆ ಸಿಗಡಿ, ಬಸವನಹುಳುಗಳೂ ಸಾಯುತ್ತವೆ. ನೀರು ಮೃದುವಾಗಿದ್ದಷ್ಟೂ ಮೀನಿಗೂ ಅಪಾಯ ಜಾಸ್ತಿ. ಅಲ್ಲದೆ ಯಾವುದೇ ಔಷಧಿಯಿಂದ ಪಾಚಿ ಒಟ್ಟಿಗೆ ಸತ್ತರೆ ಅದು ಕೊಳೆಯುವಾಗ ನೀರಿನ ಆಮ್ಲಜನಕ ಇಳಿಯುತ್ತೆ, ಅಮೋನಿಯಾ ಏರುತ್ತೆ. ಬೆಳಿಗ್ಗೆ ಎದ್ದು ನೋಡಿದರೆ ನೀರು ತಿಳಿ, ಮೀನು ಮೇಲೆ ತೇಲ್ತಿರುತ್ತೆ.

ಹಸಿರು ನೀರಿಗೂ ಸಯನೋಬ್ಯಾಕ್ಟೀರಿಯಾಕ್ಕೂ ಕತ್ತಲೆಯೇ ಮದ್ದು. ಮೂರು ದಿನ ದೀಪ ಆರಿಸಿ, ದಪ್ಪ ಕಂಬಳಿಯಿಂದ ಟ್ಯಾಂಕ್ ಮುಚ್ಚಿ. ಗಾಳಿ ಪಂಪ್ ನಿಲ್ಲಿಸಬೇಡಿ, ಗಾಳಿ ಆಡಲು ಮೇಲೆ ಸ್ವಲ್ಪ ಜಾಗ ಇರಲಿ. ಆಹಾರ ಬೇಡ. ತೆಗೆದ ದಿನ ಮೂರನೇ ಒಂದು ಭಾಗ ನೀರು ಬದಲಿಸಿ.

'ಪಾಚಿ ತಿನ್ನೋ ಮೀನು ತರಲಾ?'

ಅಂಗಡಿಯಲ್ಲಿ ಮೊದಲು ಕೊಡೋದೇ ಸಕ್ಕರ್ ಫಿಶ್. ತರುವಾಗ ಎರಡು ಇಂಚು, ಬೆಳೆದರೆ ಒಂದು ಅಡಿಗೂ ಮೀರುತ್ತೆ. 50 ಲೀಟರ್‌ನಲ್ಲಿ ಅದು ತಿನ್ನುವ ಪಾಚಿಗಿಂತ ಹಾಕುವ ಹಿಕ್ಕೆಯೇ ಜಾಸ್ತಿ. ಕಪ್ಪು ಗಡ್ಡವನ್ನು ತಿನ್ನೋದು ಸಯಾಮೀಸ್ ಆಲ್ಗೀ ಈಟರ್, ಆದರೆ ಅದೂ ಅರ್ಧ ಅಡಿ ಬೆಳೆಯುವ ಮೀನು, ದೊಡ್ಡ ಟ್ಯಾಂಕಿಗೆ ಸರಿ. ಅದರ ಹೆಸರಲ್ಲಿ ಬೇರೆ ಮೀನು ಮಾರೋದೂ ಉಂಟು. ಸಣ್ಣ ಟ್ಯಾಂಕಿಗೆ ನೆರೈಟ್ ಬಸವನಹುಳು ಒಳ್ಳೇದು. ಗಾಜನ್ನು ಚೆನ್ನಾಗಿ ಮೇಯುತ್ತೆ, ಸಿಹಿನೀರಿನಲ್ಲಿ ಮರಿ ಮಾಡಿ ತುಂಬಿಕೊಳ್ಳೋದಿಲ್ಲ. ಕೂದಲು ಪಾಚಿಗೆ ಅಮಾನೊ ಸಿಗಡಿ. ಆದರೆ ಇವೆಲ್ಲ ಸಹಾಯಕರು. ದೀಪ, ಆಹಾರ, ನೀರು ಸರಿಯಾಗದೆ ಇವುಗಳಿಂದ ಕೆಲಸ ಆಗಲ್ಲ.

ಎಷ್ಟು ದಿನ ಬೇಕು? ನಾಲ್ಕರಿಂದ ಆರು ವಾರ ಅಂತ ಇಟ್ಟುಕೊಳ್ಳಿ. ಒಂದು ವಾರಕ್ಕೆ ಒಂದೇ ಬದಲಾವಣೆ ಮಾಡಿ, ಯಾವುದರಿಂದ ಏನಾಯ್ತು ಅಂತ ಗೊತ್ತಾಗುತ್ತೆ. ಪ್ರತಿ ಭಾನುವಾರ ಅದೇ ಜಾಗದಿಂದ ಒಂದು ಫೋಟೊ ತೆಗೆದಿಡಿ. ದಿನಾ ನೋಡುವ ಕಣ್ಣಿಗೆ ಕಾಣದ ವ್ಯತ್ಯಾಸ ಫೋಟೊದಲ್ಲಿ ಕಾಣುತ್ತೆ. ಹೊಸ ಎಲೆಗಳು ಸ್ವಚ್ಛವಾಗಿ ಬರ್ತಿದ್ರೆ ನೀವು ಗೆಲ್ತಿದ್ದೀರಿ ಅಂತಲೇ ಲೆಕ್ಕ, ಹಳೆಯ ಎಲೆ ಹೇಗಿದ್ದರೂ ಸರಿ.

ಕೊನೆಯದಾಗಿ ಒಂದು ವಿನಂತಿ. ಬೇಡವಾದ ಸಕ್ಕರ್ ಫಿಶ್ ಅನ್ನಾಗಲಿ, ಕತ್ತರಿಸಿದ ಗಿಡಗಳನ್ನಾಗಲಿ ಕೆರೆಗೆ ಬಿಡಬೇಡಿ. ಹೀಗೆ ಹೊರಬಿದ್ದ ಸಕ್ಕರ್ ಫಿಶ್ ಈಗ ದೇಶದ ಹಲವು ಕೆರೆ, ನದಿಗಳಲ್ಲಿ ಬೀಡುಬಿಟ್ಟು ಸ್ಥಳೀಯ ಮೀನುಗಳಿಗೂ ಮೀನುಗಾರರ ಬಲೆಗಳಿಗೂ ಕಾಟವಾಗಿದೆ. ಮೀನನ್ನು ಅಂಗಡಿಗೇ ವಾಪಸ್ ಕೊಡಿ, ಗಿಡವನ್ನು ಒಣಗಿಸಿ ಗೊಬ್ಬರ ಮಾಡಿ. ಬದಲಿಸಿದ ನೀರನ್ನು ಹೂಕುಂಡಕ್ಕೆ ಹಾಕಿ. ಔಷಧಿ ಬಿದ್ದ ನೀರನ್ನು ಮಾತ್ರ ಹಾಕಬೇಡಿ.

ನಿಮ್ಮ ಪ್ರಶ್ನೆ ಕಳಿಸುವಾಗ ಟ್ಯಾಂಕಿನ ಅಳತೆ, ದೀಪ ಉರಿಯುವ ಗಂಟೆ, ನಲ್ಲಿ ನೀರಿನ ನೈಟ್ರೇಟ್ ಈ ಮೂರನ್ನೂ ಬರೆದರೆ ಉತ್ತರ ಹೇಳೋದು ನನಗೆ ಸುಲಭ.